ಕೂತವರ ತೂಕ

ಗಾಡಿ ಆಮೇಲೆ, ಮೊದಲು ನೆಲ ನೋಡು
ಅನ್ನುತ್ತಿದ್ದ ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು.
ಬ್ಲೈನಾಯ್ ಫೆಸ್ಟಿನಿಯೋಗಿನ ಈ ಶೆಡ್ಡಿನ ನೆಲ
ಹಿಂದಿನ ಬಲಮೂಲೆಗೆ ಒಂಬತ್ತು ಮಿಲಿಮೀಟರು ತಗ್ಗು.
ನಾಲ್ಕೂ ಚಕ್ರದಡಿ ಎರಡೆರಡು ಸ್ಲೇಟು,
ಆ ಮೂಲೆಗೆ ಇನ್ನೊಂದು ಹೆಚ್ಚು.
ಗುಡ್ಡ ಬಗೆದು ಬಗೆದು ಪರವೂರ ಮಾಡುಗಳಿಗೆಲ್ಲ ಹೊದಿಸಿದೆವು,
ಮಿಕ್ಕ ಚೂರಿನ ಮೇಲೆ ನಾನು ಕಾರು ನಿಲ್ಲಿಸುತ್ತೇನೆ.
ಮುಂದಿನ ಜೋಡಿಗಳ ನಡುವೆ ಗ್ರೀಸು:
ಕಲ್ಲು ಕಲ್ಲಿನ ಮೇಲೆ ಬೆಣ್ಣೆಯಾಗಿ ಜಾರಬೇಕು.

ಮೈನಿರ್ ತಂದದ್ದು ಹಳದಿ, ಎರಡೇ ಸೀಟು,
ನನ್ನ ಸೊಂಟಕ್ಕೂ ಬಾರದ ಎತ್ತರ.
"ಹೇಳಿದ ಮಾತು ಕೇಳೋದಿಲ್ಲ ಇಡ್ವಲ್.
ತಿರುಗು ಅಂದರೆ ಒಂದು ಗಳಿಗೆ ಯೋಚನೆ ಮಾಡುತ್ತೆ.
ನೇರ ರಸ್ತೇಲಿ ಕೈ ಬಿಟ್ಟರೆ ಬಲಕ್ಕೆ,
ಎದುರು ಬರೋರ ಮೈಮೇಲೆ."

ನಾಲ್ಕು ಗೂಟ ನೆಟ್ಟು ಗಾಳದ ದಾರ ಬಿಗಿದೆ,
ಎರಡೂ ಮಗ್ಗುಲಿಗೆ, ಚಕ್ರದ ಹೊಕ್ಕುಳಿನ ಮಟ್ಟಕ್ಕೆ.
ದಾರ ಕಾರನ್ನು ಮುಟ್ಟಬಾರದು.
ಸ್ಕೇಲು ದಾರವನ್ನು ಮುಟ್ಟಬಾರದು.
ಮಂಡಿಯೂರಿದವನು ಉಸಿರು ಬಿಡಬಾರದು.
ರಿಮ್ಮಿನ ಮುಂದಂಚು ಎಪ್ಪತ್ತಮೂರೂವರೆ, ಹಿಂದಂಚು ಎಪ್ಪತ್ತೊಂದು;
ಆ ಕಡೆಯೂ ಹೆಚ್ಚುಕಮ್ಮಿ ಅಷ್ಟೇ.
ಚಕ್ರಗಳೆರಡೂ ಒಳಗೊಳಗೆ
ಮೂಗಿಗೆ ಮೂಗು ಕೊಟ್ಟುಕೊಂಡು ನಿಂತಿವೆ.
ಬಲಗಾಲು ಬೇರೆ ಕಡ್ಡಿಯಂತೆ ನೆಟ್ಟಗೆ,
ಎಡದ್ದು ಸರಿಯಾಗಿ ತಲೆ ಒಳಗೆ ಬಾಗಿಸಿದೆ.

ಯಾರಪ್ಪ ಹೀಗೆ ಮಾಡಿದವನು ಅಂತ ಬಯ್ದುಕೊಳ್ಳುತ್ತ
ಗೋಡೆಗೊರಗಿಸಿದ ಹಳೆಯ ಸ್ಲೇಟುಗಳನ್ನು ಮಗುಚಿದೆ.
ನನ್ನದೇ ಬಳಪ, ನನ್ನದೇ ವಕ್ರ ಅಕ್ಷರ:
ಹಳದಿ. ಗೆಥಿನ್. ನೂರನಾಲ್ಕು ಕೇಜಿ.
ನೆನಪಾಯಿತು. ಅವನಿಗೆ ಪುರುಸೊತ್ತಿರಲಿಲ್ಲ ಅಂತ
ಸೀಟಿನಲ್ಲಿ ನಾಲ್ಕು ಮೂಟೆ ಕುರಿಮೇವು ಕೂರಿಸಿ
ಮೇಲೊಂದು ಸುತ್ತಿಗೆ ಇಟ್ಟು
ಎರಡೂ ಕಡೆ ಒಂದೇ ಓರೆ ಬರುವ ಹಾಗೆ ಕೂಡಿಸಿದ್ದೆ.
ಮೂಟೆ ಇಳಿದರೆ ಕಾರಿನ ಆ ಭುಜ ಏಳುತ್ತದೆ,
ಭುಜ ಎದ್ದರೆ ಚಕ್ರ ಸೆಟೆಯುತ್ತದೆ.
ತಪ್ಪು ಲೆಕ್ಕದ್ದಲ್ಲ.

ಅವಳೂ ಓದಿದಳು. "ನಾಯಿ ಅವನಿಗೆ, ಇದು ನನಗೆ,"
ಅಂದಳು. "ವಾಷಿಂಗ್ ಮೆಷಿನ್ನಿನ ಮಾತು ಇನ್ನೂ ಮುಗಿದಿಲ್ಲ."

ಹೆಂಗಸರ ತೂಕ ಕೇಳುವುದು ಹೇಗೆ?
ಟೈರಿಗೆ ಗಾಳಿ ನೋಡಿದೆ, ನೋಡಿದ್ದನ್ನೇ ಮತ್ತೆ ನೋಡಿದೆ.
"ಐವತ್ತೆರಡು," ಅಂದಳು ತಾನೇ. "ಬೂಟು ಸೇರಿ."
ಎರಡು ಮೂಟೆ ತರಲು ಹೊರಟೆ.
"ಮೂಟೆ ಯಾಕೆ, ನಾನೇ ಇದ್ದೇನಲ್ಲ?"

ಕೂತಳು. ಎರಡೂಕಾಲು ಗಂಟೆ,
ಕೈ ಸ್ಟೀರಿಂಗಿನ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ,
ನಡುವೆ ಒಂದು ಸಲ ಸೀನಿದಳು, ಎಲ್ಲ ಮತ್ತೆ ಅಳೆದೆ.
ಅವಳ ಕಾಲಬುಡದಲ್ಲಿ ಅಂಗಾತ ಮಲಗಿ
ಬಲಗಡೆ ಶಿಮ್ಮು ಸೇರಿಸಿದೆ,
ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಕುಡಿಸಿ ಕಾದೆ.

"ಒಂದೊಂದಕ್ಕೆ ಅರ್ಧ ಮಿಲಿಮೀಟರು ಹೊರಕ್ಕೆ ಕೊಡುತ್ತೇನೆ.
ಎತ್ತು ಏರಿಗೆ, ಕೋಣ ನೀರಿಗೆ.
ಹೊಲದಲ್ಲಾದರೆ ಬೇಸಾಯ ಕೆಟ್ಟಿತು,
ತಿರುವಿನಲ್ಲಿ ಮಾತ್ರ ಮೂಗು ತಟ್ಟನೆ ಒಳಗೆ ಹೊಗುತ್ತದೆ.
ಆದರೆ ನೇರ ದಾರಿಯಲ್ಲಿ ನೆಮ್ಮದಿ ಇಲ್ಲ,
ಹಿಡಿದೇ ಇರಬೇಕು."
"ಈವರೆಗೆ ಮಾಡಿದ್ದೂ ಅದನ್ನೇ," ಗೋಡೆಗೆ ಹೇಳಿದಳು.
ಹಾಗಾಗಿ ಕೇಳದೆಯೇ ಕ್ಯಾಸ್ಟರು ಒಂದು ಡಿಗ್ರಿ ಹೆಚ್ಚಿಸಿದೆ.

ಸಂಜೆ ಘಾಟಿ ಹತ್ತಿದಳು. ನಾವು ಬುಲ್ಖ್ ಅನ್ನುತ್ತೇವೆ.
ಬಾಗಿಲಲ್ಲಿ ಚಹಾ ಹಿಡಿದು ಸದ್ದು ಎಣಿಸಿದೆ:
ಮೂರನೆಯ ತಿರುವಿಗೆ ಬ್ರೇಕು ಹಾಕಲಿಲ್ಲ.
ನಾಲ್ಕಕ್ಕೆ ಹಾಕಿದಳು, ಪುಣ್ಯ.

ನಲವತ್ತು ನಿಮಿಷಕ್ಕೆ ವಾಪಸು, ಕೂದಲು ಕೆದರಿ.
"ಸ್ಟೀರಿಂಗು ಭಾರವಾಗಿದೆ."
ಹೌದು ಅಂದೆ.
"ತೋಳು ನೋಯುತ್ತೆ."
ಹೌದು. ಆದರೆ ತಿರುವು ಮುಗಿದ ಮೇಲೆ?
"ಸಡಿಲ ಬಿಟ್ಟರೆ ತಾನೇ ನೇರಕ್ಕೆ ಬರುತ್ತೆ."
ಕಮ್ಮಿ ಮಾಡಲೇ?

ಬಾನೆಟ್ಟು ಟಿಕ್ ಟಿಕ್ ಅಂತ ತಣಿಯುತ್ತಿತ್ತು.
ಸ್ಲೇಟಿಗೆ ಉಗುಳು ಹಚ್ಚಿ ಒರೆಸಿದಳು, ತನ್ನ ತೋಳಿನಿಂದಲೇ.
ನೂರು ಹೋಯಿತು, ನಾಲ್ಕು ಪೂರ್ತಿ ಹೋಗಲಿಲ್ಲ.
"ಬಳಪ ಎಲ್ಲಿ?" ಅಂದಳು.